ಭಾವನ ಕೆರೊಲಿನಾ ಗಾಳ

ಮೀನುಗಳಿಗೆ ನಮ್ಮ ಭಾವನಷ್ಟು ಉಪಕಾರ ಮಾಡಿದವರು ಇಡೀ ಒಮಾನಿನಲ್ಲಿ ಇನ್ನೊಬ್ಬರಿಲ್ಲ! ನಾಲ್ಕು ಶುಕ್ರವಾರ ಸೀಬ್ ಕಡಲಿನ ಮೀನುಗಳಿಗೆಲ್ಲ ಸಿಗಡಿಯ ಊಟ ಹಾಕಿಸಿದ್ದಾರೆ. ಕಾರು ಓಡಿಸಿದವನು ನಾನು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಹೊಟ್ಟೆಯ ಆಪರೇಷನ್ ಆದ ಮೇಲೆ ನನ್ನ ಅಕ್ಕನಿಗೆ ಊಟವೇ ಸೇರುತ್ತಿರಲಿಲ್ಲ. ಎರಡು ತುತ್ತು ಗಂಜಿ ಉಂಡು ತಟ್ಟೆ ಸರಿಸುತ್ತಿದ್ದಳು. ಹೀಗೇ ಆದರೆ ಮತ್ತೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಒಂದು ದಿನ ಅವಳೇ, ಐಸ್ ಮುಟ್ಟದ ಮೀನಿನ ಸಾರಾದರೆ ಉಣ್ಣಬಹುದಿತ್ತು ಎಂದಳು. ಬುದ್ಧಿ ಇದ್ದವರು ಏನು ಮಾಡುತ್ತಾರೆ? ಬೆಳಿಗ್ಗೆ ಬೇಗ ಎದ್ದು, ದೋಣಿಯಿಂದ ಇಳಿಸಿದ ಮೀನನ್ನೇ ತರುತ್ತಾರೆ. ನಮ್ಮ ಭಾವ ರೂವಿ ಪೇಟೆಗೆ ಹೋಗಿ ಗಾಳ ತಂದರು! ನಾನೇ ಹಿಡಿದು ಉಣ್ಣಿಸುತ್ತೇನೆ ಎಂದು ಮಾತು ಬೇರೆ ಕೊಟ್ಟರು. ಅವಳೂ, ಅವರು ತರಲಿ ಎಂದು ಕಾದು ಕೂತಳು.

ಭಾವನದು ಉಡುಪಿ ಕಡೆಯ ಮನೆತನ. ತಲೆತಲಾಂತರದಿಂದ ಮೀನು ತಿಂದಿದ್ದಾರೆ, ಹಿಡಿದವರು ಒಬ್ಬರೂ ಇಲ್ಲ. ಗುರು ಯಾರು? ಅಮೆರಿಕದ ಯಾವುದೋ ಕೆರೆಯಲ್ಲಿ ಬಾಸ್ ಎಂಬ ಮೀನು ಹಿಡಿಯುವ ಟೊಪ್ಪಿಯವನ ವಿಡಿಯೋ! ಕಲಿತ ವಿದ್ಯೆಯ ಹೆಸರು ಕೆರೊಲಿನಾ ರಿಗ್. ದಾರಕ್ಕೆ ಜಾರುವ ಸೀಸದ ಗುಂಡು, ಆಮೇಲೆ ಮಣಿ, ಆಮೇಲೆ ತಿರುಗುವ ಕೊಂಡಿ, ಅಲ್ಲಿಂದ ಎರಡು ಮೊಳ ದಾರ, ತುದಿಗೆ ಸಿಗಡಿ ಚುಚ್ಚಿದ ಗಾಳ. ಗುಂಡು ತಳದಲ್ಲಿ ತೆವಳುತ್ತದೆ, ಸಿಗಡಿ ಹಿಂದೆ ಹಾಯಾಗಿ ತೇಲುತ್ತದೆ, ಮೀನಿಗೆ ಅನುಮಾನವೇ ಬರುವುದಿಲ್ಲವಂತೆ. ನನಗಂತೂ ಮೊದಲ ದಿನವೇ ಬಂದಿತ್ತು.

ಮೊದಲ ಶುಕ್ರವಾರ ಗುಂಡು ಬಂಡೆಸಂದಿಗೆ ಸಿಕ್ಕಿ ದಾರವೇ ಹೋಯಿತು. ಎರಡನೆಯ ಶುಕ್ರವಾರ ಗಾಳಕ್ಕೆ ಸಿಕ್ಕಿದ್ದು ನನ್ನ ಅಂಗಿಯ ಕಾಲರು. ಮೂರನೆಯ ವಾರ, ಪಕ್ಕದಲ್ಲಿ ಬರಿಗೈಯಲ್ಲಿ ದಾರ ಹಿಡಿದು ಕೂತಿದ್ದ ಒಮಾನಿ ಅಜ್ಜ ಆರು ಮೀನು ಹಿಡಿದು ಮನೆಗೆ ಹೊರಟರು. ನಾವಿನ್ನೂ ಮಣಿ ಪೋಣಿಸುತ್ತಿದ್ದೆವು. ಅಜ್ಜ ಒಂದು ಮೀನು ಕೊಡಲು ಬಂದರೆ ಭಾವ ಬೇಡವೆಂದರು! ಕಡಲಿಗೆ ದೂಡಿಬಿಡೋಣ ಎನಿಸಿತು. ಮನೆಯಲ್ಲಿದ್ದ ಅಕ್ಕನ ಮುಖ ನೆನೆದು ಬಿಟ್ಟೆ.

ನಾಲ್ಕನೆಯ ಶುಕ್ರವಾರ ದಾರ ಬಿಗಿಯಿತು. ಮೊಳದುದ್ದದ ಮುರು ಮೀನು! ಭಾವ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ನಾನು ಫೋಟೋ ತೆಗೆದು ಚೀಲ ಬಿಡಿಸುವುದರೊಳಗೆ ಮಂಡಿಯೂರಿ, ಮೆಲ್ಲಗೆ ನೀರಿಗೆ ಬಿಟ್ಟೇಬಿಟ್ಟರು.

"ಎಂತ ಮಾಡಿದಿರಿ ಭಾವ?"

ಅವರು ತಮ್ಮ ಖಾಲಿ ಕೈಯನ್ನೇ ನೋಡುತ್ತಿದ್ದರು. "ವಿಡಿಯೋದಲ್ಲಿ ಆ ಟೊಪ್ಪಿಯವ ಫೋಟೋ ತೆಗೆದ ಮೇಲೆ ಮೀನು ಬಿಡ್ತಾನೆ ಮಾರಾಯ. ಕೈ ತನ್ನಷ್ಟಕ್ಕೇ ಬಿಟ್ಟಿತು."

ಸಿಟ್ಟಿನಲ್ಲೇ ಕಾರು ಓಡಿಸಿ ಅಲ್ ಅಮೇರಾತಿನ ಮನೆ ಮುಟ್ಟಿಸಿದೆ. ಅಲ್ಲಿ ನನ್ನ ಹೆಂಡತಿ ಮಸಾಲೆ ಅರೆದಿಟ್ಟು ಕಾಯುತ್ತಿದ್ದಳು. ಭಾವ ಬಾಗಿಲಲ್ಲೇ ನಿಂತರು. ನಾನು ಫೋನನ್ನು ಅಕ್ಕನ ಕಣ್ಣೆದುರು ಹಿಡಿದು, ಇದ್ದ ಸಿಟ್ಟನ್ನೆಲ್ಲ ಕಾರಿಕೊಂಡೆ. ಅವಳು ಫೋಟೋ ನೋಡಿದಳು, ಗಂಡನ ಮುಖ ನೋಡಿದಳು. ನಗತೊಡಗಿದಳು. ಹೊಲಿಗೆ ಹಾಕಿದ ಜಾಗವನ್ನು ಕೈಯಲ್ಲಿ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗು ಕೇಳದೆ ಎರಡು ತಿಂಗಳಾಗಿತ್ತು.

"ಹಸಿವಾಗ್ತದೆ," ಎಂದಳು. "ಆ ಮಸಾಲೆಗೆ ಮೊಟ್ಟೆಯಾದ್ರೂ ಒಡೆದು ಹಾಕಿ. ಅನ್ನ ಉಂಟಾ?"

ಭಾವ ಅಡಿಗೆಮನೆಗೆ ಓಡಿದರು. ಬೈಯುವುದು ಇನ್ನೂ ಬಾಕಿ ಇತ್ತಲ್ಲ, ನಾನೂ ಹಿಂದೆಯೇ ಹೋದೆ. ಅವರು ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಎಷ್ಟು ಲೋಟ ಅಕ್ಕಿ ಹಾಕಬೇಕು ಎಂದು ಕೇಳಿದರು. ಬೈಯುವುದನ್ನು ನಾಳೆಗಿಟ್ಟೆ. ಅಕ್ಕಿ ನಾನೇ ತೊಳೆದೆ.