ಎರವಲು ಉಸಿರು

ಪ್ರಕಾಶಕರ ಫೋನು ಬೆಳಿಗ್ಗೆ ಹತ್ತಕ್ಕೇ ಬಂತು. ನಿವೃತ್ತ ಟೀಚರೊಬ್ಬರು ಓದಿದ್ದ ಮಕ್ಕಳ ಕಥೆಪುಸ್ತಕದ ರೆಕಾರ್ಡಿಂಗಿನಲ್ಲಿ ಕಥೆಗಿಂತ ಉಸಿರೇ ಜಾಸ್ತಿಯಂತೆ. "ರಾಜಕುಮಾರಿ ಮಾತಾಡ್ತಿದ್ರೆ ಹಿಂದೆ ಯಾರೋ ಸೈಕಲ್ಲಿಗೆ ಗಾಳಿ ಹೊಡೀತಿದಾರೆ ಅನ್ಸುತ್ತೆ!"

ಸ್ಟುಡಿಯೋ ಮಾಲೀಕರು ನೇರ ಎಡಿಟರನ ಕೋಣೆಗೆ ನುಗ್ಗಿದರು. ಮೂರನೇ ಮಹಡಿಯ ಆ ಕಿಟಕಿಯಿಲ್ಲದ ಗೂಡಿನಲ್ಲಿ ಹನ್ನೊಂದು ವರ್ಷ ಕಂಡವರ ಕೆಮ್ಮು, ತೇಗು ಕತ್ತರಿಸಿ ಅವನ ಬೆನ್ನು ಪ್ರಶ್ನಾರ್ಥಕ ಚಿಹ್ನೆಯಾಗಿತ್ತು.

"ಒಂದೇ ಒಂದು ಉಸಿರು ಕೇಳಿಸಿದ್ರೂ ನಾಳೆಯಿಂದ ನೀನು ಬರೋದೇ ಬೇಡ ಕಣಯ್ಯ. ಟೀಚರ ಹತ್ರ ಮಾತ್ರ ಈ ವಿಷಯ ಉಸಿರೆತ್ತಬೇಡ!"

ಅವನು ನಾನೂರ ಹನ್ನೆರಡು ಉಸಿರುಗಳನ್ನು ಹೇನು ಹೆಕ್ಕುವಂತೆ ಒಂದೊಂದಾಗಿ ಹೆಕ್ಕಿ ಬಿಸಾಡಿದ. ಗೆದ್ದ ಹುಮ್ಮಸ್ಸಿನಲ್ಲಿ ಹಳೇ ಫೈಲಿನ ಮೇಲೆಯೇ ಹೊಸದನ್ನು ಸೇವ್ ಮಾಡಿ ಕಳಿಸಿಬಿಟ್ಟ.

ಎರಡು ಗಂಟೆಗೆ ಮತ್ತೆ ಫೋನು. "ಟೀಚರ ಹಿಂದೆ ನಾಯಿ ಬಿಟ್ಟಿದ್ರೇನ್ರೀ? ಮನುಷ್ಯರ ದನಿ ಕೇಳಿದ್ರೆ ಮೆಷಿನ್ ಕೊಟ್ಟಿದೀರಲ್ಲ! ಉಸಿರು ವಾಪಸ್ ಹಾಕಿ."

"ಉಸಿರು ತೆಗಿ ಅಂದೋರು ಯಾರಯ್ಯ ನಿಂಗೆ?" ಎಂದರು ಮಾಲೀಕರು, ಮುಖ ಒಂದಿಷ್ಟೂ ಬದಲಿಸದೆ.

"ನೀವೇ ಸಾರ್..."

"ಪೂರ್ತಿ ತೆಗಿ ಅಂದ್ನಾ?"

ಹಳೇ ಫೈಲೇ ಅಳಿಸಿಹೋದ ಮೇಲೆ ಹಾಕಲು ಉಸಿರೆಲ್ಲಿದೆ? ಟೀಚರನ್ನು ಕರೆಸೋಣವೆಂದರೆ ಅವರಿಗೆ ಗಂಟಲು ಕಟ್ಟಿತ್ತು. ರಿಸೆಪ್ಷನಿಸ್ಟ್ ಯಾರೂ ಕೇಳದಿದ್ದರೂ ದಾರಿ ತೋರಿಸಿದಳು. "ನಿಮ್ದೇ ಹಾಕಿ ಸಾರ್. ಉಸಿರಲ್ಲೇನು ಗಂಡು, ಹೆಣ್ಣು?"

ಮೈಕಿನ ಮುಂದೆ ಕೂತರೆ ಬಂದದ್ದು ಬರೀ ನಿಟ್ಟುಸಿರು. ಮೆಟ್ಟಿಲು ಹತ್ತಿಳಿಯಿರೆಂದು ಆಕೆಯೇ ಎಬ್ಬಿಸಿದಳು. ಅವನು ಇಳಿದ, ಹತ್ತಿದ, ಬಂದು ಮೈಕಿಗೆ ಏದುಸಿರು ಬಿಟ್ಟ. "ಇದು ಟೀಚರದ್ದಲ್ಲ ಸಾರ್, ಎಮ್ಮೇದು. ಇನ್ನೊಂದ್ಸಲ!" ಮಾಲೀಕರೂ ಕುರ್ಚಿ ಹಾಕಿಕೊಂಡು ಕೂತು ಹುರಿದುಂಬಿಸಿದರು. ಪಾಪ, ಅವರಿಗೂ ಬೇರೆ ಕೆಲಸವಿರಲಿಲ್ಲ.

ನಾಲ್ಕಕ್ಕೆ ಹೊಸ ಉಸಿರಿನ ಫೈಲು ಕೇಳಿ ಪ್ರಕಾಶಕರು ಕರಗಿ ನೀರಾದರು. "ಈಗ ಜೀವ ಬಂತು ನೋಡಿ!" ಆ ಖುಷಿಯಲ್ಲಿ ಟೀಚರಿಗೂ ಒಂದು ಪ್ರತಿ ಕಳಿಸಿದರು.

ಐದೂವರೆಗೆ ಟೀಚರೇ ಬಂದರು, ಡಾಕ್ಟರಾಗಿದ್ದ ತಮ್ಮ ಮಗಳ ಕೈ ಹಿಡಿದುಕೊಂಡು.

"ಅಮ್ಮನ ಉಸಿರು ಕೇಳಿ ಎದೆ ಝಲ್ಲಂತು," ಎಂದಳು ಮಗಳು. "ಪ್ರತಿ ಉಸಿರಿನ ಕೊನೇಲೂ ಸಿಳ್ಳೆ! ಮೊದ್ಲು ಇಲ್ಲಿಗೆ ಬರ್ಬೇಕು ಅಂತ ಅಮ್ಮ ಹಟ ಹಿಡಿದ್ರು, ಇಲ್ಲಿಂದ ನೇರ ಆಸ್ಪತ್ರೆಗೇ ಕರ್ಕೊಂಡು ಹೋಗ್ತಿದೀನಿ."

ಟೀಚರ ಕಣ್ಣು ತುಂಬಿತ್ತು. ಕಟ್ಟಿದ ಗಂಟಲಲ್ಲೇ, "ನಾನಿಲ್ಲದಿದ್ರೂ ಮೊಮ್ಮಗಳು ಈ ಕಥೆ ಕೇಳ್ತಾಳೆ, ಅಲ್ವೇನಪ್ಪ?" ಎಂದರು.

ಮಾಲೀಕರು ಸುಮ್ಮನಿರುವಂತೆ ಕಣ್ಣು ಮಿಟುಕಿಸಿದರು. ಎಡಿಟರನಿಗೆ ತಡೆಯಲಾಗಲಿಲ್ಲ. "ಡಾಕ್ಟ್ರೇ, ಅದು ನಿಮ್ಮಮ್ಮನ ಉಸಿರಲ್ಲ. ನಂದು."

ಡಾಕ್ಟರು ಸ್ಟೆತಾಸ್ಕೋಪ್ ತೆಗೆದು ಅವನ ಬೆನ್ನಿಗಿಟ್ಟರು.

"ಅದೇ ಸಿಳ್ಳೆ! ಅಮ್ಮನ ಬದ್ಲು ನೀವು ಬಂದು ಅಡ್ಮಿಟ್ ಆಗಿ. ಆಮೇಲೆ ಹದಿನೈದು ದಿನ ವಿಶ್ರಾಂತಿ."

ಮಾಲೀಕರ ಹೃದಯ ಎಂದಿಲ್ಲದಂತೆ ವಿಶಾಲವಾಯಿತು. "ಧಾರಾಳವಾಗಿ ರಜೆ ತಗೋಳಯ್ಯ, ಆರೋಗ್ಯ ಮುಖ್ಯ. ಹೋಗೋ ಮುಂಚೆ ಒಂದೈನೂರು ಉಸಿರು ರೆಕಾರ್ಡ್ ಮಾಡಿಟ್ಟು ಹೋಗು. ಪ್ರಕಾಶಕರಿಗೆ ಮುಂದಿನ ಪುಸ್ತಕಕ್ಕೂ ಅದೇ ಬೇಕಂತೆ."

"ಮಾಡ್ಲೇಬೇಕಂದ್ರೆ ಕೂತ್ಕೊಂಡು ಮಾಡ್ಲಿ," ಎಂದರು ಡಾಕ್ಟರು ಕಟ್ಟುನಿಟ್ಟಾಗಿ.

"ಕೂತ್ರೆ ಬರಲ್ಲ ಮೇಡಂ," ಎಂದು ಮಾಲೀಕರು ಮೆಟ್ಟಿಲ ಕಡೆಯ ಬಾಗಿಲು ತೆರೆದು ಹಿಡಿದರು.