ಬಟನ್ ಜಾಗ ಹೇಳುವ ಹುಡುಗನಿಗೆ ಹೆಣ್ಣು

ನನ್ನ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ಆ ದಿನ ಹಾಳಾಯಿತೆಂದೇ ಲೆಕ್ಕ. ನಾನು ಯುಎಕ್ಸ್ ಡಿಸೈನರ್. ಮೊಬೈಲ್ ಆ್ಯಪ್ ಬಳಸುವವರು ಎಲ್ಲಿ ಎಡವುತ್ತಾರೆ ಎಂದು ನೋಡಿ, ಎಡವದ ಹಾಗೆ ಅದನ್ನು ರೂಪಿಸುವವನು. ಹೆಮ್ಮಾಡಿಯ ಮನೆಯಲ್ಲೇ ಕುಳಿತು ಕೆಲಸ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನ್ನ ಬಾಯಲ್ಲಿ ಊರಿನ ಮಾತು ಬರುವುದಿಲ್ಲ; ಅರ್ಧಂಬರ್ಧ ಉತ್ತರ ಕೊಟ್ಟು ಪಾರಾಗುವ ಅಭ್ಯಾಸವೂ ಇಲ್ಲ. ಬಿಜೂರಿನಿಂದ ಒಂದು ಸಂಬಂಧ ಬಂದಾಗ ಈ ಗುಣವೇ ಮುಳುವಾಯಿತು. ಫೋಟೋ ನೋಡಿದ ಕ್ಷಣದಿಂದ ನನಗೆ ಆ ಹುಡುಗಿಯೇ ಆಗಬೇಕಿತ್ತು.

ಅಮ್ಮನಿಗೆ ಪಾಠ

"ಮಗಾ, ಹೆಣ್ಣಿನ್ ಮನಿಯರ್ ಕೇಂತ್ರ್. ನಿನ್ ಕೆಲ್ಸ ಎಂತ ಅಂದೇಳಿ ಹೇಳುದ್?" ಎಂದು ಅಮ್ಮ ಕೇಳಿದಳು.

ಅವಳನ್ನು ಕೂರಿಸಿ, ಕಾಗದದಲ್ಲಿ ಚೌಕ, ಬಾಣ ಎಲ್ಲ ಬರೆದು ವಿವರಿಸಿದೆ. ಗ್ಯಾಸಿನ ಮೇಲಿದ್ದ ಹಾಲು ಉಕ್ಕಿತು. ನಾನು ನಿಲ್ಲಿಸಲಿಲ್ಲ. "ಒಟ್ಟಿನಲ್ಲಿ, ಜನರಿಗೆ ಗೊಂದಲವಾಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ" ಎಂದು ಮುಗಿಸಿದೆ.

ಅಮ್ಮ ಎದ್ದು ಒಲೆ ಒರೆಸುತ್ತ, "ಅದನ್ ಹೇಳೂಕೇ ಇಷ್ಟ್ ಗೊಂದ್ಲ ಮಾಡ್ತ್ಯಲ್ಲ, ಸಂಬ್ಳ ಹ್ಯಾಂಗೆ ಕೊಡ್ತ್ರ್?" ಎಂದಳು.

ಪಕ್ಕದ ಮನೆಯವರ ಪರೀಕ್ಷೆ

ಆಗ ಬಸ್ ಟಿಕೆಟ್ ಆ್ಯಪ್ ಒಂದರ ಕೆಲಸ ನಡೆದಿತ್ತು. ಬಳಸಿ ನೋಡಲು ಪಕ್ಕದ ಮನೆಯ ಅಕ್ಕನನ್ನು ಕರೆದು ಫೋನ್ ಕೊಟ್ಟೆ. ಇಂಥ ಪರೀಕ್ಷೆಯಲ್ಲಿ ಸಹಾಯ ಮಾಡಬಾರದು. ಸುಮ್ಮನೆ ನೋಡಿ ಬರೆದುಕೊಳ್ಳಬೇಕು. ನಿಯಮ ಎಂದರೆ ನಿಯಮ.

"ಎಲ್ಲಿ ಒತ್ತುದ್ ಮಾರಾಯ್ರೆ?"

"ಎಲ್ಲಿ ಒತ್ತಬೇಕು ಅಂತ ನಿಮಗೆ ಅನ್ನಿಸುತ್ತದೆ?"

"ನಂಗೆ ಗೊತ್ತಿದ್ರೆ ನಿಮ್ಮತ್ರ ಎಂತಕ್ ಕೇಂತೆ? ನಿಮ್ಗೆ ಗೊತ್ತಿಲ್ಯಾ?"

"ಗೊತ್ತಿದೆ. ಹೇಳುವ ಹಾಗಿಲ್ಲ."

ಅಕ್ಕ ಫೋನನ್ನು ಮೇಜಿನ ಮೇಲಿಟ್ಟು ಎದ್ದರು. "ನಿಮ್ಗೆ ಹುಶಾರಿಲ್ಯಾ ಅಂದೇಳಿ ನಂಗೆ ಮೊದ್ಲೇ ಅನುಮಾನ ಇತ್ತ್."

ಮಾವನ ವಿಚಾರಣೆ

ಹೆಣ್ಣು ಕೊಡುವ ಮೊದಲು ಹುಡುಗನ ನೆರೆಕರೆಯಲ್ಲಿ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಹುಡುಗಿಯ ಸೋದರಮಾವ ಬಂದವರು ನೇರ ಹೋಗಿದ್ದು ಅದೇ ಅಕ್ಕನ ಮನೆಗೆ.

"ಹುಡ್ಗ ಕುಡುದಿಲ್ಲ, ಬೀಡಿ ಸೇದುದಿಲ್ಲ" ಎಂದರಂತೆ ಅಕ್ಕ. "ಜನ ಒದ್ದಾಡುದನ್ ಕಂಡ್ಕಂಡ್ ಬರ್ಕಂತ. ಅದೊಂದೇ ಚಟ."

ಗಾಬರಿಯಾದ ಮಾವ ನಮ್ಮ ಮನೆಗೇ ಬಂದರು. ಫೋನಿನಲ್ಲಿ ಆ್ಯಪ್‌ನ ಬಟನ್ ತೋರಿಸಿ ನನ್ನ ಕೆಲಸ ವಿವರಿಸಿದೆ. "ಬಟನ್ ಮಾಡುದ್ ನೀವಾ?"

"ಅಲ್ಲ, ಮಾಡುವವರು ಬೇರೆ."

"ಒತ್ತುದ್?"

"ಅದು ಗ್ರಾಹಕರು."

"ಮತ್ ನೀವ್?"

"ಎಲ್ಲಿಡಬೇಕು ಅಂತ ಹೇಳುವುದು. ಇಟ್ಟ ಮೇಲೆ ಸರಿಯಿಲ್ಲ ಅನ್ನುವುದು."

ಮಾವನ ಮುಖ ಸಡಿಲವಾಯಿತು. "ಓ, ಅದಾ! ನಮ್ ಮನೇಲ್ ಆ ಕೆಲ್ಸ ಅಜ್ಜಿ ಮಾಡ್ತ್ರ್. ಸಂಬ್ಳ ಇಲ್ಲೆ, ಅಷ್ಟೇ."

ಬಿಜೂರಿನ ಬಾಗಿಲು

ಹೆಣ್ಣು ಕೊಡುವ ವಿಷಯದಲ್ಲೂ ಕೊನೆಯ ಮಾತು ಆ ಅಜ್ಜಿಯದೇ ಎಂದು ಗೊತ್ತಾಯಿತು. ಹುಡುಗಿಯನ್ನು ನೋಡಲು ಅಮ್ಮನ ಜೊತೆ ಹೋದೆ. ಹಳೆಯ ಮನೆ, ಗಿಡ್ಡ ಬಾಗಿಲು. ಕಾಲು ತೊಳೆದು, ಎದೆ ಸೆಟೆಸಿ ಒಳಗೆ ನಡೆದವನ ಹಣೆ ಬಾಗಿಲ ಚೌಕಟ್ಟಿನ ದಾರಂದಕ್ಕೆ ಬಡಿಯಿತು. ಸದ್ದು ಅಡುಗೆಮನೆಗೂ ಕೇಳಿಸಿರಬೇಕು. ಒಳಗೆ ಯಾರೋ ಕಿಸಕ್ಕೆಂದರು.

ಚಾವಡಿಯ ಕುರ್ಚಿಯಲ್ಲಿದ್ದ ಅಜ್ಜಿ ಏನೂ ಆಗಿಲ್ಲವೆಂಬಂತೆ ಎದುರಿನ ಕುರ್ಚಿ ತೋರಿಸಿ ಕೇಳಿದರು: "ಕೂಕಣಿ. ನಿಮ್ ಕೆಲ್ಸ ಎಂತದ್?"

ಹಣೆ ಊದುತ್ತಿತ್ತು. ತಾಳ್ಮೆ ಮುಗಿದಿತ್ತು. "ಅಜ್ಜಿ, ಈ ಬಾಗಿಲನ್ನೇ ನೋಡಿ. ಬಂದವರ ತಲೆಗೆ ತಾಗಿದರೆ ತಪ್ಪು ತಲೆಯದಲ್ಲ, ಬಾಗಿಲು ಮಾಡಿದವರದು. ಅಂಥ ತಪ್ಪು ಹುಡುಕಿ ಸರಿಪಡಿಸುವುದು ನನ್ನ ಕೆಲಸ."

ಮಾವ ತಲೆಯಾಡಿಸಿದರು. ನನ್ನ ಅಮ್ಮನೂ "ಓ, ಹಾಂಗಾ!" ಎಂದಳು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಉದ್ಯೋಗ ಜನರಿಗೆ ಅರ್ಥವಾಗಿತ್ತು.

"ನಂಗೂ ಗೊತ್ತಾಯ್ತ್" ಎಂದರು ಅಜ್ಜಿ. "ಆರೆ ಮಗಾ, ಆ ಬಾಗ್ಲ್ ತಪ್ಪಿ ಗಿಡ್ಡ ಆದ್ದಲ್ಲ. ಅಳಿಯ ಆಯ್ ಬಪ್ಪನ್ ತಲಿ ಬಗ್ಗತ್ತಾ ಇಲ್ಯಾ ಕಾಂಬುಕೇ ಹಾಂಗ್ ಮಾಡ್ಸದ್."

ನಾನು ಹಣೆಯ ಬಾವು ಮುಟ್ಟಿ ನೋಡಿಕೊಂಡೆ. ಆಗ ಒಳಗಿನಿಂದ ಹುಡುಗಿಯ ಸ್ವರ ಬಂತು: "ಅಜ್ಜೀ, ಹೊರ್ಗ್ ಹೋಪತಿಗೆ ಇನ್ನೊಂದ್ಸಲ ಕಾಂಬ!"

ಹೊರಡುವಾಗ ಸೊಂಟದವರೆಗೆ ಬಗ್ಗಿದೆ. ಬಾಗಿಲು ದಾಟಿದರೂ ಏಳುವ ಧೈರ್ಯ ಬರಲಿಲ್ಲ; ಅಂಗಳವಿಡೀ ಹಾಗೇ ನಡೆದೆ. ಕಾರಿನ ಬಾಗಿಲು ತೆರೆಯುವಷ್ಟರಲ್ಲಿ ಹಿಂದಿನಿಂದ ಅಜ್ಜಿ ಕೂಗಿದರು:

"ಹ್ವಾಯ್, ಸಾಕ್ ಮಾರಾಯ್ರೆ, ನೆಟ್ಟಗ್ ನಿಲ್ಲಿ! ಹೆಣ್ ಕೊಡ್ತೊ!"