ಮೂಲಸ್ಥಿತಿಯಲ್ಲಿರುವ ಸೇತುವೆ

ಬ್ಯಾಡಗಿ ತಾಲೂಕಿನ ಗುಂಡಿಹಳ್ಳಿ ಸೇತುವೆಗೆ ತಡೆಗೋಡೆ ಇಲ್ಲ. ಇದು ಲೋಪವಲ್ಲ, ಸರ್ಕಾರ ಕಾಪಾಡಿಕೊಂಡು ಬಂದಿರುವ ಆಸ್ತಿ. ಇದನ್ನರಿಯದ ಕಾಲದಲ್ಲಿ ಊರಿನವರು ಗೋಡೆ ಕಟ್ಟಿಸಿಕೊಡಿ ಎಂದು ಕಂಡಕಂಡ ಕಚೇರಿಗೆಲ್ಲ ಅಲೆದು ಅಧಿಕಾರಿಗಳ ಸಮಯ ಹಾಳು ಮಾಡಿದ್ದುಂಟು.

ಹಾಗೆ ಅಲೆದವರಲ್ಲಿ ಜಯವ್ವನೇ ಮುಂದು. ಆಕೆಯ ಗಂಡ ಮೈಲೇಶ ಗೋವಿನಜೋಳದ ಚೀಲ ಹೇರಿಕೊಂಡು ರಾಣೆಬೆನ್ನೂರಿಗೆ ಹೊರಟವನು, 2005ರ ಹಿಂಗಾರಿ ಮಳೆಯಲ್ಲಿ ಟೆಂಪೊ ಸಮೇತ ಆ ಸೇತುವೆಯಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಿದ್ದ. ಮಗಳು ಕಾವ್ಯಾ ಅದನ್ನೇ ದಾಟಿ ಶಾಲೆಗೆ ಹೋಗಬೇಕು. ಅವಳು ತಿರುಗಿ ಬರುವವರೆಗೆ ಜಯವ್ವ ಜೀವ ಕೈಯಲ್ಲಿ ಹಿಡಿದು ಕೂತಿರುತ್ತಿದ್ದಳು.

ಹಾವೇರಿಯಲ್ಲಿ ಜನರ ಅಹವಾಲು ಕೇಳುವ ಸಭೆ ನಡೆದಾಗ ಆಕೆ ಎದ್ದು ನಿಂತು, "ಸಾಹೇಬ್ರ, ನನ್ನ ಗಂಡ ಬಿದ್ದ ಜಾಗಾ ನೆನಪಿಡ್ರಿ. ಮರೀಬ್ಯಾಡ್ರಿ," ಎಂದಳು.

ಗುಮಾಸ್ತರು ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳುವ ನಿಷ್ಠಾವಂತರು. 'ಪತಿ ಬಿದ್ದ ಜಾಗದ ನೆನಪು ಉಳಿಸುವ ಬಗ್ಗೆ' ಎಂದು ವಿಷಯ ಬರೆದರು. ನೆನಪು ಎಂಬುದು ರಸ್ತೆ ಇಲಾಖೆಗೆ ಸೇರಿದ್ದಲ್ಲವಾದ್ದರಿಂದ ಅಹವಾಲು 'ದುಃಖಸ್ಥಳ ಪ್ರವಾಸ ಕೋಶ'ಕ್ಕೆ ಹೋಯಿತು. ಕೋಶ ಹುಟ್ಟಿ ವರ್ಷವಾಗಿತ್ತು. ತಕ್ಕ ದುಃಖ ಸಿಗದೆ ಸಿಬ್ಬಂದಿ ಕೈಕಟ್ಟಿ ಕುಳಿತಿದ್ದರು.

ಕೋಶದ ಅಧಿಕಾರಿ ರುದ್ರಮುನಿ ಜೀಪಿನಲ್ಲಿ ಬಂದರು. ಸೇತುವೆಯ ಅಂಚಿನಿಂದ ಕೆಳಗೆ ಇಣುಕಿದಾಗ ಅವರ ಕಣ್ಣು ತುಂಬಿತು. ಅದು ಸಂತೋಷಕ್ಕೆ ಎಂದು ಪಂಚಾಯ್ತಿ ಅಧ್ಯಕ್ಷ ಜಟ್ಟೆಪ್ಪನಿಗೆ ಆಮೇಲೆ ತಿಳಿಯಿತು.

"ನೋಡ್ರಿ ಜಟ್ಟೆಪ್ಪಾರ, ಗಳಗನಾಥದಾಗ ಸಂಗಮ ಐತಿ, ಕದರಮಂಡಲಗ್ಯಾಗ ಹನುಮಪ್ಪ ಅದಾನ. ಕೈಮುಗಿಯಾಕ ಬೇಕಾದಷ್ಟು ಜಾಗಾ ಅದಾವು. ಕುಂತು ಅಳಾಕ ನಮ್ಮ ಜಿಲ್ಲಾದಾಗ ಒಂದರ ಜಾಗಾ ಐತೇನ್ರಿ?"

ಜಟ್ಟೆಪ್ಪ ಪ್ರಾಮಾಣಿಕವಾಗಿ ಯೋಚಿಸಿದ. "ನಮ್ಮ ಪಂಚಾಯ್ತಿ ಆಫೀಸ ಐತಲ್ರಿ."

"ಅದು ಬ್ಯಾರೆ ಸ್ಕೀಮಿನ್ಯಾಗ ಬರ್ತೈತಿ."

ತಿಂಗಳೊಳಗೆ ಪ್ರಕಟಣೆ ಬಂತು: "ಸದರಿ ಸೇತುವೆಯನ್ನು ಸಂರಕ್ಷಿತ ದುರಂತ ತಾಣವೆಂದು ಘೋಷಿಸಲಾಗಿದೆ. ದುರಂತಕ್ಕೆ ಕಾರಣವಾದ ಸ್ಥಿತಿಯನ್ನು ಸುಧಾರಿಸುವುದು ಶಿಕ್ಷಾರ್ಹ ಅಪರಾಧ. ಅಳುವವರು ಎಡಬದಿಯಲ್ಲೂ ಫೋಟೊ ತೆಗೆಸಿಕೊಳ್ಳುವವರು ಬಲಬದಿಯಲ್ಲೂ ನಿಲ್ಲತಕ್ಕದ್ದು. ಎರಡನ್ನೂ ಮಾಡುವವರು ಮೊದಲು ಅಳತಕ್ಕದ್ದು."

ಜಯವ್ವ ಹಾವೇರಿಗೆ ಓಡಿದಳು.

"ನಾ ಕೇಳಿದ್ದು ಗ್ವಾಡಿ ರೀ ಸಾಹೇಬ್ರ. ನನ್ನ ಮಗಳು ದಿನಾ ಅದರ ಮ್ಯಾಲೆ ಹಾದು ಹೋಗತಾಳ."

"ಗ್ವಾಡಿ ಕಟ್ಟಿದ್ರ ನಿಮ್ಮ ಯಜಮಾನ್ರು ಹೆಂಗ ಬಿದ್ರು ಅನ್ನೂದು ಬಂದ ಮಂದಿಗೆ ತಿಳಿಯೂದು ಹೆಂಗವ್ವಾ?" ಎಂದು ರುದ್ರಮುನಿ ನೊಂದುಕೊಂಡರು. "ಅವರಿಗೆ ನಾವ ಅವಮಾನ ಮಾಡಿದಂಗ ಆಗ್ತೈತಿ."

"ನಾಳೆ ನನ್ನ ಮಗಳ ಬಿದ್ರ?"

"ಅದಕ್ಕೂ ಅವಕಾಶ ಮಾಡೇನಿ. ಸ್ಮಾರಕದ ಕಲ್ಲಿನ್ಯಾಗ ಯಜಮಾನ್ರ ಹೆಸರಿನ ಕೆಳಗ ಜಾಗಾ ಬಿಡಿಸೇನಿ."

ಜಯವ್ವನಿಗೆ ಮೇಜಿನ ಮೇಲಿದ್ದ ಗಾಜಿನ ಗುಂಡು ಎತ್ತಿ ಅವರ ಹಣೆಗೆ ಬೀಸಬೇಕೆನ್ನಿಸಿತು. ಮಗಳು ಶಾಲೆ ಬಿಡುವ ಹೊತ್ತು ನೆನಪಾಗಿ, ಎದ್ದು ಬಸ್ಸು ಹಿಡಿದಳು.

ಪ್ರವಾಸಿಗರು ಬರತೊಡಗಿದರು. ಅತ್ತವರಿಗೆ ಹಸಿವಾಗುತ್ತದೆ ಎಂಬುದನ್ನು ಮೊದಲು ಕಂಡುಕೊಂಡವನು ಜಟ್ಟೆಪ್ಪ. ಅವನ ಮಂಡಕ್ಕಿ-ಮಿರ್ಚಿ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಜಯವ್ವ ಗ್ರಾಮಸಭೆಯಲ್ಲಿ ಮತ್ತೆ ಗೋಡೆಯ ಮಾತೆತ್ತಿದಾಗ, ಹಿಂದೆ ಅವಳ ಜೊತೆ ಅಲೆದವರೇ ಮುಖ ತಿರುಗಿಸಿದರು.

"ಗ್ವಾಡಿ ಬಂದ್ರ ಗಿರಾಕಿ ಹೋಗ್ತಾವ ತಂಗಿ," ಎಂದ ಜಟ್ಟೆಪ್ಪ. "ಊರ ಹೊಟ್ಟಿಮ್ಯಾಲೆ ಹೊಡೀಬ್ಯಾಡ."

ಆದರೂ ಜಯವ್ವ ಜಗ್ಗಲಿಲ್ಲ. ವಾರ ತಪ್ಪದೆ ಹಾವೇರಿಗೆ ಹೋಗಿ ಕೋಶದ ಬಾಗಿಲಲ್ಲಿ ಕೂತಳು. ಕೊನೆಗೆ ಒಂದು ದಿನ ಆದೇಶ ಹೊರಟಿತು: 'ಶ್ರೀಮತಿ ಜಯವ್ವ ಅವರ ನಿರಂತರ ಮನವಿಯ ಮೇರೆಗೆ ಸುರಕ್ಷತೆಗಾಗಿ ಕಬ್ಬಿಣದ ತಡೆಬೇಲಿ ಮಂಜೂರು.' ಜಯವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಂದು ರಾತ್ರಿ ಬಹಳ ದಿನಗಳ ಮೇಲೆ ನಿದ್ದೆ ಮಾಡಿದಳು.

ಬೇಲಿ ಬಂತು. ಎದೆಯೆತ್ತರ, ಆನೆ ಬಂದು ಗುದ್ದಿದರೂ ಅಲುಗದಷ್ಟು ಗಟ್ಟಿ. ಅದನ್ನು ಸೇತುವೆಯ ಶಾಲೆಯ ಕಡೆ ತುದಿಯಲ್ಲಿದ್ದ ಸ್ಮಾರಕದ ಕಲ್ಲಿನ ಸುತ್ತ ಹಾಕಿದರು. ಊರಿನ ಆಡುಗಳು ಕಲ್ಲಿಗೆ ಮೈ ತಿಕ್ಕುತ್ತಿದ್ದವಂತೆ. ಉದ್ಘಾಟನೆಗೆ ಜಯವ್ವನನ್ನೇ ಕರೆದು ಹಾರ ಹಾಕಿದರು. ಹೋರಾಟಕ್ಕೆ ಸರ್ಕಾರ ಸ್ಪಂದಿಸುತ್ತದೆ ಎಂಬುದಕ್ಕೆ ಈ ತಾಯಿಯೇ ಸಾಕ್ಷಿ ಎಂದು ರುದ್ರಮುನಿ ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಜಯವ್ವ ಹಾರ ತೆಗೆದು ಕಲ್ಲಿನಲ್ಲಿದ್ದ ಗಂಡನ ಹೆಸರಿನ ಮೇಲೆ ಹಾಕಿ ಮನೆಗೆ ಹೋದಳು.

ಮಳೆಗಾಲದಲ್ಲಿ ಸೇತುವೆಯ ಮೇಲೆ ನೀರು ಹರಿಯುವಾಗ ಮಾಸ್ತರರು ಈಗ ಮಕ್ಕಳನ್ನು ಆ ಬೇಲಿಯೊಳಗೆ ನಿಲ್ಲಿಸುತ್ತಾರೆ. ಊರಿನಲ್ಲಿ ಅಷ್ಟು ಭದ್ರವಾದ ಜಾಗ ಬೇರೆ ಇಲ್ಲ. ಕಾವ್ಯಾ ಕಂಬಿ ಹಿಡಿದು ನಿಂತಿರುತ್ತಾಳೆ. ಆಚೆ ದಡದಲ್ಲಿ ಜಯವ್ವ.

"ನೋಡವ್ವಾ, ಅಂತೂ ನಿನ್ನ ಮಾತು ನಡೀತಲ್ಲ," ಎನ್ನುತ್ತಾನೆ ಜಟ್ಟೆಪ್ಪ.

"ನಡೀತಣ್ಣಾ," ಎನ್ನುತ್ತಾಳೆ ಜಯವ್ವ.

ನೀರು ಇಳಿದ ಮೇಲೆ ಮಾಸ್ತರರು ಬೇಲಿಯ ಬಾಗಿಲು ತೆಗೆಯುತ್ತಾರೆ. ಮಕ್ಕಳು ಒಬ್ಬರ ಹಿಂದೊಬ್ಬರು ಹೊರಬಂದು, ಸೇತುವೆಯ ಮೇಲೆ ಮನೆಯ ಕಡೆ ನಡೆಯುತ್ತಾರೆ.